ಬರೋಬರಿ ಐತ್ರಿ, ಅತ್ತಿ

೬ ಜನವರಿ ೨೦೨೫, ಸೋಮವಾರ

ದಿನಕ್ಕೊಂದು ಪುಟ ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಇಂಡಿ ತಾಲೂಕು ಕಚೇರಿಯ ವಸುಧಾ ಕುಲಕರ್ಣಿ ಮೇಡಂ ಹೇಳಿದ್ದಾರೆ. ಬರೆಯಲು ಕುಳಿತೆ. 'ಟುಡೇ ಈಸ್ ಮಂಡೇ' ಎಂಬಲ್ಲಿಗೆ ನನ್ನ ಇಂಗ್ಲಿಷು ಮುಗಿಯಿತು. ಇನ್ನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷು ಬಂದಾಗ ಬರಲಿ, ಅಲ್ಲಿಯವರೆಗೆ ಹೊಟ್ಟೆಯೊಳಗಿನ ಮಾತು ಕಾಯುತ್ತ ಕೂರಬೇಕೆ?

ವಿಷಯ ಇಷ್ಟು. ಏಪ್ರಿಲಿನಲ್ಲಿ ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆ. ಅಂಗನವಾಡಿ ಕಾರ್ಯಕರ್ತೆಯರಿಗೆಂದೇ ಒಂದಿಷ್ಟು ಜಾಗ ತೆಗೆದಿಟ್ಟಿದ್ದಾರೆ. ಹೋದ ಸಲ ಉಳಿದದ್ದೆಲ್ಲ ದಾಟಿ ಇಂಗ್ಲಿಷಿನಲ್ಲಿ ಬಿದ್ದೆ. ವ್ಯಾಕರಣ ಒಂದು ಕಡೆಯಿಂದ, ಗದ್ಯ ಓದಿ ಉತ್ತರ ಹೇಳುವುದು ಇನ್ನೊಂದು ಕಡೆಯಿಂದ, ಎರಡೂ ಸೇರಿ ನನ್ನನ್ನು ಕೆಡವಿದವು. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಕೂರುವ ಹಾಗಿಲ್ಲ. ಆಮೇಲೆ ನಿನ್ನೆ ಮೊನ್ನೆ ಬಂದವರು ನನ್ನ ಕೇಂದ್ರಕ್ಕೆ ಬಂದು, ನನ್ನ ತಕ್ಕಡಿ ಹಿಡಿದು, ತೂಕ ಹೇಗೆ ಮಾಡಬೇಕೆಂದು ನನಗೇ ಹೇಳಿಕೊಡುತ್ತಾರೆ. ಅದನ್ನು ನಾನು ಸಹಿಸಲಾರೆ.

ನಮ್ಮೂರು ತಾಂಬಾದಲ್ಲಿ ಯಾವ ಓಣಿಯಲ್ಲಾದರೂ ನಿಂತು ದಾವಲಬಿ ಅಕ್ಕೋರು, ಅಂದರೆ ದಾವಲಬಿ ಟೀಚರು, ಎಲ್ಲಿ ಎಂದು ಕೇಳಲಿ, ಕೈ ಹಿಡಿದು ನನ್ನ ಕೇಂದ್ರಕ್ಕೆ ಕರೆತಂದು ಬಿಡುತ್ತಾರೆ. ಕೂಸಿನ ತೂಕ ಕಡಿಮೆ ಇದ್ದರೆ ಮುಖ ಮುಲಾಜು ನೋಡದೆ ಹೇಳುತ್ತೇನೆ. ತಾಯಿ ಅಳಲಿ, ಅಜ್ಜಿ ಬಯ್ಯಲಿ, ಹೇಳುವುದನ್ನು ಬಿಡುವುದಿಲ್ಲ. ಎಲ್ಲ ಚಲೋ ಐತಿ ಎಂದು ಕಳಿಸಿದರೆ ಕೂಸು ಮನೆಗೆ ಹೋಗಿ ಸೊರಗುತ್ತದೆ.

ನಮ್ಮವರು, ಅಂದರೆ ಮೋಟಾರು ರಿಪೇರಿಯ ಬಾಬುಲಾಲ, ಇವತ್ತು ಊಟಕ್ಕೆ ಕುಳಿತಾಗ ಅಂದರು, "ಮನ್ಯಾಗ ಇಂಗ್ಲಿಷ್ ಬಿ.ಎ. ಮಾಡಿದಾಕಿನ್ನ ಇಟಗೊಂಡು ಊರೆಲ್ಲಾ ಟ್ಯೂಶನ್ ಹುಡುಕಾಕತ್ತೀದಿಯಲ್ಲ."

ಅವರು ಹೇಳಿದ್ದು ಜಾಸ್ಮಿನಳನ್ನು. ನನ್ನ ಮಗ ನಿಯಾಜನ ಹೆಂಡತಿ. ಮುದ್ದೇಬಿಹಾಳದ ಹುಡುಗಿ, ನವೆಂಬರಿನಲ್ಲಿ ಮದುವೆಯಾಯಿತು. ನಿಯಾಜ ಮುಳವಾಡದ ನೀರೆತ್ತುವ ಪಂಪ್‌ಹೌಸಿನಲ್ಲಿ ಕೆಲಸಕ್ಕಿದ್ದಾನೆ, ಶನಿವಾರ ಬಂದು ಹೋಗುತ್ತಾನೆ. ಹುಡುಗಿ ಮಾತು ಕಡಿಮೆ. ಇಂಗ್ಲಿಷ್ ಓದಿದ ಸೊಕ್ಕಿರಬಹುದು ಎಂದು ನನ್ನ ಲೆಕ್ಕ. ಆದರೆ ಒಂದು ಮಾತು ಒಪ್ಪಬೇಕು. ಈ ಮನೆಗೆ ಬಂದಾಗಿನಿಂದ ನಾನು ನನ್ನ ಅತ್ತೆ ಸೈದಾಬಿಯವರಿಗೆ ಒಂದು ದಿನ ಎದುರು ಮಾತಾಡಿಲ್ಲ. ನನ್ನ ಸೊಸೆಯೂ ಹಾಗೆಯೇ. ನನ್ನ ಮಾತಿಗೆ ತಪ್ಪು ಎಂಬ ಶಬ್ದ ಅವಳ ಬಾಯಲ್ಲಿ ಬಂದಿಲ್ಲ. ತಾಂಬಾದಲ್ಲಿ ಇಂಥ ಸೊಸೆ ಯಾರ ಮನೆಯಲ್ಲಿದ್ದಾಳೆ, ತೋರಿಸಲಿ.

೯ ಜನವರಿ, ಗುರುವಾರ

ಶುರುವಾಯಿತು. ನಾನು ಕೇಳಿಕೊಂಡೆ ಎಂದು ಯಾರೂ ತಿಳಿಯಬಾರದು. "ನಿನಗೂ ಓದಿದ್ದು ಮರತು ಹೋಗಬಾರದು, ನನ್ನ ಸಂಗತಿ ಒಂದೀಟ ಕೂಡ್ತಾ ಹೋಗು" ಅಂದೆ. ಅವಳು "ಹೌದ್ರಿ ಅತ್ತಿ" ಅಂದಳು.

ಸಂಜೆ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾಳೆ, ನಾನು ಕುರ್ಚಿಯ ಮೇಲೆ ಪುಸ್ತಕ ಹಿಡಿದು ಕೂರುತ್ತೇನೆ. ವಾಕ್ಯ ಓದಿ ಖಾಲಿ ಜಾಗಕ್ಕೆ ಉತ್ತರ ಹೇಳುತ್ತೇನೆ. ಹಿಟ್ಟಿನ ಕೈ ತಟ್ಟುತ್ತಲೇ ಅವಳು ಅನ್ನುತ್ತಾಳೆ, "ಬರೋಬರಿ ಐತ್ರಿ, ಅತ್ತಿ." ಒಂದೆರಡು ಕಡೆ ಮಾತ್ರ "ಹಿಂಗೂ ಅನಬಹುದ್ರಿ" ಅಂದಳು. ಆಯಿತು, ಹಾಗೂ ಅನ್ನಬಹುದು, ನಾನೇನು ಬೇಡ ಅಂದೆನೆ?

ನನಗೆ ಇಷ್ಟು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಹೋದ ಸಲ ಉತ್ತರ ನೋಡಿದವರದೇ ಏನೋ ಗಡಿಬಿಡಿಯಾಗಿರಬೇಕು.

೧೮ ಜನವರಿ, ಶನಿವಾರ

ಇಂದಿನಿಂದ ಗದ್ಯ. ಒಬ್ಬ ಹೆಂಗಸು ಬೆಳಗಾಗ ಕೊಡ ತೆಗೆದುಕೊಂಡು ಬಾವಿಗೆ ಹೋಗುತ್ತಾಳೆ. ಬಾವಿಯ ಕಟ್ಟೆಯ ಮೇಲೆ ಕುಳಿತು ಅಳುತ್ತಾಳೆ. ಆಮೇಲೆ ಕಣ್ಣು ಒರೆಸಿಕೊಂಡು ನೀರು ತುಂಬಿಕೊಂಡು ಮನೆಗೆ ಬರುತ್ತಾಳೆ. ಇಷ್ಟೇ ಕಥೆ. ಅವಳು ಯಾಕೆ ಅತ್ತಳು ಎಂದು ಪ್ರಶ್ನೆ. ನಾಲ್ಕು ಉತ್ತರ ಕೊಟ್ಟಿದ್ದರು: ಅತ್ತೆ ಬಯ್ದಳು, ಕೊಡ ಒಡೆಯಿತು, ತವರಿನ ನೆನಪಾಯಿತು, ಗದ್ಯದಲ್ಲಿ ಹೇಳಿಲ್ಲ.

ನಾನು ಒಂದು ಕ್ಷಣವೂ ತಡಮಾಡಲಿಲ್ಲ. ಬೆಳಗಾಗ ಎದ್ದ ಕೂಡಲೇ ಅಳುತ್ತಾಳೆಂದರೆ ಅತ್ತೆ ಬಯ್ದಿದ್ದಾಳೆ. ಇದಕ್ಕೆ ಇಂಗ್ಲಿಷ್ ಯಾಕೆ ಬೇಕು? ಜಾಸ್ಮಿನ ರೊಟ್ಟಿ ತಿರುವಿ ಹಾಕಿದಳು.

"ಹಂಗೂ ಇರಬಹುದ್ರಿ, ಅತ್ತಿ."

"ಇರಬಹುದಲ್ಲ, ಹಂಗ ಐತಿ."

"ಹೌದ್ರಿ, ಬರೋಬರಿ ಐತ್ರಿ."

ಮೂಲೆಯ ಹೊರಸಿನ ಮೇಲಿಂದ ನನ್ನ ಅತ್ತೆ ಸೈದಾಬಿಯವರು ಕೇಳಿದರು, "ಯಾರ ಅತ್ತಿ ಬೈದ್ಲಂತ?" ಅವರಿಗೆ ಪಾಠ ಎಂದರೆ ಓಣಿಯ ಸುದ್ದಿ. ಪುಸ್ತಕದಲ್ಲಿನ ಅತ್ತಿರೀ ಅಂದೆ. ಅವರು ಅಂದರು, "ಹಂಗಾದ್ರ ಬೈದದ್ದ ಬರೋಬರಿ ಐತಿ."

೨೭ ಜನವರಿ, ಸೋಮವಾರ

ಇಂಡಿಯಲ್ಲಿ ತಿಂಗಳ ಮೀಟಿಂಗು. ಉಳಿದ ಕಾರ್ಯಕರ್ತೆಯರು ಇಂಗ್ಲಿಷ್ ಅಂದ ಕೂಡಲೇ ತಲೆ ಮೇಲೆ ಕೈ ಹೊತ್ತು ಕುಳಿತರು. ನಾನು ಮಾತ್ರ ನನಗೆ ಒಂದೂ ತಪ್ಪು ಬರುವುದಿಲ್ಲ ಎಂದು ಹೇಳಿಬಿಟ್ಟೆ. ಮನೆಯಲ್ಲೇ ಬಿ.ಎ. ಓದಿದವಳು ನೋಡುತ್ತಾಳೆ, ದಿನವೂ ಎಲ್ಲ ಸರಿ ಎಂದೆ. ಸಿಂದಗಿ ಕಡೆಯ ಒಬ್ಬಳು ಹೊಟ್ಟೆ ಉರಿಯಿಂದ ನನ್ನನ್ನೇ ನೋಡುತ್ತಿದ್ದಳು. ನೋಡಲಿ.

೮ ಫೆಬ್ರವರಿ, ಶನಿವಾರ

ನಿಯಾಜ ಬಂದಿದ್ದಾನೆ. ನಾನು ಕಾಯಿಪಲ್ಲೆ ಸೋಸುತ್ತಿದ್ದಾಗ ಬಂದು ಎದುರಿಗೆ ಕುಳಿತ. "ಅವ್ವಾ, ಜಾಸ್ಮಿನ ಏನಂತಾಳಂದ್ರ..." ಎಂದು ಶುರುಮಾಡಿದ. ಮುಖ ನೋಡಿದರೆ ಸಾಕು, ನನಗೆ ಎಲ್ಲ ತಿಳಿಯುತ್ತದೆ. ಹೊಸ ಹುಡುಗಿ, ತವರಿಗೆ ಹೋಗಬೇಕು ಅಂದಿರುತ್ತಾಳೆ, ಕೇಳಲು ಹೆದರಿ ಗಂಡನನ್ನು ಮುಂದೆ ಬಿಟ್ಟಿದ್ದಾಳೆ.

"ತಿಳೀತು ಬಿಡೋ. ಮುದ್ದೇಬಿಹಾಳಕ್ಕ ನಾಲ್ಕ ದಿನ ಕರಕೊಂಡು ಹೋಗಿ ಬಾ" ಅಂದೆ. ಅವನು "ಅವ್ವಾ, ಅದಲ್ಲ..." ಅಂದ. "ಅದಲ್ಲ ಇದಲ್ಲ ಅನಬ್ಯಾಡ, ನಾನೂ ಸೊಸಿಯಾಗಿ ಬಂದಾಕಿನ ಅದೇನಿ" ಎಂದು ಬಾಯಿ ಮುಚ್ಚಿಸಿದೆ. ಬೀಗಿತ್ತಿಗೆಂದು ಒಂದು ಇಳಕಲ್ಲ ಸೀರೆಯನ್ನೂ ಕೊಟ್ಟು ಕಳಿಸಿದೆ. ಇಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು.

೧೬ ಫೆಬ್ರವರಿ, ಭಾನುವಾರ

ಇಂಡಿಯಲ್ಲಿ ವಸುಧಾ ಮೇಡಂ ಅಭ್ಯಾಸಕ್ಕೆಂದು ಪರೀಕ್ಷೆ ನಡೆಸಿದರು. ನಾನು ಕಡೆಯಿಂದ ಎರಡನೆಯವಳು.

ಇದಕ್ಕಿಂತ ಹೆಚ್ಚು ಬರೆಯಲಾರೆ.

೧೭ ಫೆಬ್ರವರಿ, ಸೋಮವಾರ

ಬರೆಯುತ್ತೇನೆ. ಸಿಟ್ಟು ಇಳಿಯದೆ ಊಟವೂ ಸೇರಲಿಲ್ಲ.

ನಿನ್ನೆ ಮೇಡಂ ನನ್ನನ್ನು ಬದಿಗೆ ಕರೆದು ಅಂದರು, "ದಾವಲಬಿ, ನಿಮಗ ಮನ್ಯಾಗ ಯಾರು ಹೇಳಿಕೊಡ್ಲಿಕ್ಕತ್ತಾರ? ಗದ್ಯದೊಳಗ ಇದ್ದದ್ದು ಒಂದು ಅದ, ನೀವು ಬರದದ್ದು ಇನ್ನೊಂದು ಅದ." ಸಿಂದಗಿ ಕಡೆಯವಳು ಬಾಗಿಲಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಇವತ್ತು ಜಾಸ್ಮಿನಳನ್ನು ಎದುರಿಗೆ ನಿಲ್ಲಿಸಿಕೊಂಡೆ. ಮೇಡಂ ತಪ್ಪು ಎಂದ ಒಂದೊಂದು ಉತ್ತರವನ್ನೂ ಅವಳಿಗೆ ಓದಿ ಹೇಳಿದೆ. "ಇದು ತಪ್ಪೇನು?" ಅಂದರೆ ತಲೆ ತಗ್ಗಿಸಿ "ಹೌದ್ರಿ" ಅಂದಳು. "ಇದು?" ಅಂದರೆ ಅದಕ್ಕೂ "ಹೌದ್ರಿ."

"ಮತ್ತ ಒಂದೂವರಿ ತಿಂಗಳು ಬರೋಬರಿ, ಬರೋಬರಿ ಅನಕೋತ ಬಂದಿಯಲ್ಲ, ನನ್ನ ಮ್ಯಾಲ ಏನ ಸಿಟ್ಟಿತ್ತು ನಿನಗ?"

ಅವಳ ಕಣ್ಣಲ್ಲಿ ನೀರು ಬಂತು. "ಸಿಟ್ಟಲ್ರಿ ಅತ್ತಿ. ಅತ್ತಿಗಿ ತಪ್ಪು ಅಂತ ಹೆಂಗ ಅನ್ಲಿರಿ? ಮದುವಿಯಾದ ಮರುದಿನ ನೀವ ಹೇಳಿದ್ರಲ್ರಿ, ಈ ಮನ್ಯಾಗ ಹಿರಿಯರ ಮಾತಿಗೆ ತಪ್ಪು ಅನ್ನೂದಿಲ್ಲ ಅಂತ."

ಹೊರಸಿನ ಮೇಲಿಂದ ಸೈದಾಬಿ ಅತ್ತೆ ದೊಡ್ಡ ದನಿಯಲ್ಲಿ ಅಂದರು, "ಶಾಣ್ಯಾಕಿ. ಮನಿತನ ಉಳಿಸಿದಳು."

ಮನೆತನ ಉಳಿಯಿತು, ನಾನು ಮುಳುಗಿದೆ. ನಾನು ಹೇಳಿದ್ದು ಸಾರಿನ ಉಪ್ಪು ಖಾರದ ವಿಷಯಕ್ಕೆ. ಇಂಗ್ಲಿಷಿಗೂ ಅದೇ ಕಾಯಿದೆ ಎಂದು ನಾನು ಯಾವಾಗ ಹೇಳಿದೆ? ಓದಿದವರಿಗೆ ಇಷ್ಟೂ ತಿಳಿಯಬಾರದೆ? ಪರೀಕ್ಷೆಗೆ ಎರಡು ತಿಂಗಳು ಉಳಿದಿದೆ. ನನ್ನ ಕೈಯಲ್ಲಿ ಏನೂ ಇಲ್ಲ.

೧೯ ಫೆಬ್ರವರಿ, ಬುಧವಾರ

ಒಂದು ದಾರಿ ಕಂಡುಹಿಡಿದಿದ್ದೇನೆ. ಪೂರ್ತಿ ನನ್ನದೇ ತಲೆ, ಯಾರೂ ಹೇಳಿಕೊಟ್ಟದ್ದಲ್ಲ.

ಬೆಳಗ್ಗೆ ಜಾಸ್ಮಿನಳನ್ನು ನನ್ನ ಜೊತೆ ಅಂಗನವಾಡಿಗೆ ಕರೆದುಕೊಂಡು ಹೋದೆ. ಇವತ್ತು ತೂಕದ ದಿನ. ಆಯೇಶಾ ಎಂಬ ತಾಯಿ ತನ್ನ ಮಗಳನ್ನು ತಂದಿದ್ದಳು. ಮುಳ್ಳು ಹೋದ ತಿಂಗಳಿಗಿಂತ ಹಿಂದೆಯೇ ನಿಂತಿತು. ತೂಕ ಇಳಿದಿದೆ ಎಂದು ಅವಳಿಗೆ ಖಡಕ್ಕಾಗಿ ಹೇಳಿದೆ, ಕೇಂದ್ರದಿಂದ ಕೂಸಿಗೆಂದು ಕೊಟ್ಟ ಮೊಟ್ಟೆ ಮನೆಯಲ್ಲಿ ಯಾರು ತಿನ್ನುತ್ತಾರೆಂದು ಬಯ್ದೆ. ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಆಮೇಲೆ ಜಾಸ್ಮಿನಳನ್ನು ಕೇಳಿದೆ.

"ನಾ ಅಕಿಗಿ ಎಲ್ಲಾ ಬರೋಬರಿ ಐತಿ ಅಂದಿದ್ರ ಏನಾಗ್ತಿತ್ತು?"

"ಕೂಸಿಗಿ ತ್ರಾಸ ಆಗ್ತಿತ್ರಿ."

"ಈಗ ನಿನ್ನ ಕೈಯಾಗಿನ ಕೂಸು ನಾನ. ನಂದ ತೂಕ ಕಡಿಮಿ ಐತಿ. ಹೇಳ್ತೀಯೋ ಇಲ್ಲೋ?"

ಅವಳಿಗೆ ನಗು ಬಂತು, ತಡೆದುಕೊಂಡಳು. ಈ ಹುಡುಗಿ ನಕ್ಕದ್ದನ್ನು ನಾನು ಇವತ್ತೇ ಮೊದಲು ನೋಡಿದ್ದು.

ಸಂಜೆ ಕಾಯಿದೆ ಬದಲಾಯಿಸಿದೆ. ಪಾಠದ ಹೊತ್ತಿನಲ್ಲಿ ನಾನು ಅತ್ತೆಯಲ್ಲ, ಅವಳು ಸೊಸೆಯಲ್ಲ. ಅವಳು ಕುರ್ಚಿಯ ಮೇಲೆ, ನಾನು ನೆಲದ ಮೇಲೆ. ಅವಳನ್ನು ನಾನು ಅಕ್ಕೋರು ಅನ್ನಬೇಕು, ಅವಳು ನನ್ನ ತಪ್ಪನ್ನು ತಪ್ಪು ಅನ್ನಬೇಕು. ಕುರ್ಚಿಯ ತುದಿಯಲ್ಲಿ ಹಾವಿನ ಮೇಲೆ ಕುಳಿತವಳ ಹಾಗೆ ಕುಳಿತಳು. ನಾನು ಮೊದಲ ವಾಕ್ಯ ಓದಿ ಉತ್ತರ ಹೇಳಿದೆ. ಅವಳ ತುಟಿ ಅಲುಗಾಡಿತು, ದನಿ ಹೊರಡಲಿಲ್ಲ.

"ಅಕ್ಕೋರ, ಕೇಳಲಿಲ್ರಿ" ಅಂದೆ.

"ತಪ್ಪ್ರಿ" ಅಂದಳು. ಅಂದು ಕೂಡಲೇ ಎದ್ದು ನಿಂತಳು. ನಾನೇ ಕೈ ಹಿಡಿದು ಕೂರಿಸಿದೆ. ಪಾಠ ಮುಗಿಯುವ ಹೊತ್ತಿಗೆ ಹನ್ನೊಂದು ಸಲ ತಪ್ಪು ಅಂದಿದ್ದಳು, ಕಡೆಯ ಸಲದ್ದು ಅಂಗಳಕ್ಕೂ ಕೇಳಿಸುವ ಹಾಗಿತ್ತು.

ಸೈದಾಬಿ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ಸೊಸಿ ಮ್ಯಾಲ, ಅತ್ತಿ ಕೆಳಗ. ಮಂದಿ ನೋಡಿದ್ರ ನಗ್ತಾರ" ಅಂದರು. ನಾನು ಎಂದಿನಂತೆ "ಹೌದ್ರಿ ಅತ್ತಿ" ಅಂದೆ. ಅಂದು, ಮುಂದಿನ ಪುಟ ತಿರುವಿದೆ.

೬ ಮಾರ್ಚ್, ಗುರುವಾರ

ರಂಜಾನಿನ ಉಪವಾಸದ ರೋಜಾ ನಡೆದಿವೆ. ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ರೋಜಾ ಬಿಡುವವರೆಗೆ ಪಾಠ. ಬಾಯಿ ಒಣಗಿರುತ್ತದೆ, ತಲೆ ಧಿಮ್ಮೆನ್ನುತ್ತದೆ, ಆದರೂ ಅಕ್ಕೋರು ಬಿಡುವುದಿಲ್ಲ. ಅವಳೂ ರೋಜಾ ಇದ್ದಾಳೆ.

ಇವತ್ತು ಜಗಳವೇ ಆಯಿತು. ಗದ್ಯ ಲಿಂಬೆ ಗಿಡದ ಬಗ್ಗೆ. ನೀರು ಜಾಸ್ತಿ ಹಾಕಿದಷ್ಟೂ ಲಿಂಬೆ ಚೆನ್ನಾಗಿ ಬರುತ್ತದೆ ಎಂದು ಬರೆದಿದ್ದಾನೆ ಮಹರಾಯ. ಇಂಡಿ ತಾಲೂಕಿನಲ್ಲಿ ಕುಳಿತು ಇದನ್ನು ಓದಿ ಸುಮ್ಮನಿರಲು ಆಗುತ್ತದೆಯೆ? ನನ್ನ ತವರಿನಲ್ಲಿ ಲಿಂಬೆ ತೋಟವಿದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಸಣ್ಣ ಹುಡುಗರಿಗೂ ಗೊತ್ತು. ಲಿಂಬೆಗೆ ಏನು ಬೇಕು ಎಂದು ಪ್ರಶ್ನೆ ಇತ್ತು, ಹದವಾದ ನೀರು ಎಂದು ಗುರುತು ಹಾಕಿದೆ.

"ತಪ್ಪು" ಅಂದಳು ಜಾಸ್ಮಿನ. ಈಗ ಆ ಮಾತಿಗೆ ರೀ ಕೂಡ ಹಚ್ಚುವುದಿಲ್ಲ, ನಾನೇ ಬೇಡವೆಂದಿದ್ದೇನೆ.

"ಬರದಾಂವಗ ಲಿಂಬಿ ಗೊತ್ತಿಲ್ಲ, ನನಗ ಗೊತ್ತೈತಿ."

"ನಿಮಗ ಗೊತ್ತಿದ್ದದ್ದು ಖರೇನ ಐತಿ. ಆದ್ರ ಪರೀಕ್ಷಿ ಲಿಂಬೀದಲ್ಲ, ಓದೂದರದು. ಅವ ಏನ ಅಂದಾನ ಅಷ್ಟ ಹೇಳ್ರಿ. ಪೂರಾ ಓದೂಕ್ಕಿಂತ ಮೊದಲ ಉತ್ತರಾ ತಗೊಂಡು ನಿಂತಿರ್ತೀರಿ ನೀವು."

ಸಿಟ್ಟು ಮೂಗಿನ ತುದಿಗೆ ಬಂತು. ಇವಳು ಯಾವ ಸೀಮೆಯ ಅಕ್ಕೋರು ಎಂದು ಕೇಳಬೇಕೆನಿಸಿತು. ಕುರ್ಚಿಯಲ್ಲಿ ಕೂರಿಸಿದವಳು ನಾನೇ ಎಂದು ನೆನಪಾಗಿ ನುಂಗಿಕೊಂಡೆ. ಮತ್ತೆ ಮೊದಲಿನಿಂದ ಓದಿದೆ. ಲಿಂಬೆ ಬೆಳೆಯುವವರು ಈ ಗದ್ಯ ಓದದಿರಲಿ ಎಂದಷ್ಟೇ ನನ್ನ ಪ್ರಾರ್ಥನೆ.

೧೨ ಮಾರ್ಚ್, ಬುಧವಾರ

ಆಯೇಶಾ ಮತ್ತೆ ಮಗಳನ್ನು ತಂದಿದ್ದಳು. ತೂಕ ಏರಿಲ್ಲ. ಬಯ್ಯಬೇಕೆಂದು ಬಾಯಿ ತೆರೆದೆ. ರೋಜಾದಿಂದ ನಾಲಿಗೆ ಅಂಟಿಕೊಂಡಿತ್ತು, ಅದಕ್ಕೇ ಇರಬೇಕು, ಬಯ್ಯುವ ಬದಲು "ಯಾಕ ತಿನ್ನವಲ್ದು?" ಎಂದು ಕೇಳಿ ಸುಮ್ಮನೆ ಕುಳಿತೆ. ಆಯೇಶಾ ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತ ಕುಳಿತಳು. ಆಮೇಲೆ ಹೇಳಿದಳು, ಮಗಳ ಬಾಯಲ್ಲಿ ಹುಣ್ಣಾಗಿವೆಯಂತೆ, ಒಂದು ತಿಂಗಳಾಯಿತಂತೆ.

"ಮೊದಲ ಯಾಕ ಹೇಳಲಿಲ್ಲ?" ಅಂದೆ.

"ನೀವು ಕೇಳಲಿಲ್ರಿ, ಅಕ್ಕೋರ. ಮೊಟ್ಟಿ ಯಾರು ತಿಂತಾರ ಅಂತ ಬೈದ್ರಿ."

ಕೂಸನ್ನು ಆಸ್ಪತ್ರೆಗೆ ಕಳಿಸಿಕೊಟ್ಟೆ. ಸಂಜೆ ಭೂತಕಾಲದ ವಾಕ್ಯಗಳು. ಎರಡೇ ತಪ್ಪು.

೨೨ ಮಾರ್ಚ್, ಶನಿವಾರ

ನಿಯಾಜ ಬಂದ. ಇಫ್ತಾರ್ ಮುಗಿದು ಎಲ್ಲರೂ ಕುಳಿತಾಗ ಹೋದ ತಿಂಗಳಿನ ಮಾತು ನೆನಪಾಯಿತು.

"ಅವತ್ತ ಏನೋ ಹೇಳಾಕ ಬಂದಿದ್ದಿಯಲ್ಲ, ಏನದು?"

"ಈಗ ಕೇಳ್ತಿಯೇನವ್ವಾ?" ಅಂದ. ಹೆಂಡತಿಯ ಮುಖ ನೋಡಿದ. "ನಿನ್ನ ಉತ್ತರಾ ಭಾಳ ತಪ್ಪ ಆಗಾಕತ್ತಾವು, ಹೇಳಾಕ ಬಾಯಿ ಬರವಲ್ದು, ನೀವರ ಹೇಳ್ರಿ ಅಂತ ಅಕಿ ಅತ್ತಿದ್ಲು. ಅದನ್ನ ಹೇಳಾಕ ಬಂದ್ರ ನೀ ಸೀರಿ ಕೊಟ್ಟು ಮುದ್ದೇಬಿಹಾಳಕ್ಕ ಕಳಿಸಿಬಿಟ್ಟಿ."

"ಅಂದ್ರ ತವರಿಗಿ ಹೋಗೂ ಮನಸ ಇರಲಿಲ್ಲೇನು ನಿನಗ?" ಎಂದು ಜಾಸ್ಮಿನಳನ್ನು ಕೇಳಿದೆ.

"ಇಲ್ರಿ ಅತ್ತಿ. ಅವ್ವನೂ ಹೆದರಿದ್ಲು. ಏನ ತಪ್ಪ ಮಾಡಿ ಬಂದಿ ಅಂತ ನಾಲ್ಕ ದಿನಾನೂ ಕೇಳಿದ್ಲು."

ನಮ್ಮವರು ನಕ್ಕು ನಕ್ಕು ಕೆಮ್ಮಿದರು. ನನಗೆ ನಗು ಬರಲಿಲ್ಲ. ಇಳಕಲ್ಲ ಸೀರೆ ಹೋಯಿತಲ್ಲ.

ಹಾಗಾದರೆ ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದೆ. ಹೇಳುವವರೆಗೆ ನಾನೂ ಬಾಯಿ ತೆರೆಯಲಿಲ್ಲ. ಬಿ.ಎಡ್. ಮಾಡಬೇಕಂತೆ. ಇಂಡಿಯಲ್ಲೇ ಕಾಲೇಜಿದೆಯಂತೆ. ಇಷ್ಟು ದಿನ ಮನೆಯಲ್ಲಿ ಆರಾಮಾಗಿದ್ದಾಳೆ ಎಂದುಕೊಂಡಿದ್ದೆ. ಅರ್ಜಿ ಬಂದಾಗ ನೋಡೋಣ ಎಂದೆ. ಹೀಗೆ ಕಲಿಸುವವಳು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತರೆ ನನಗೇ ಅವಮಾನ. ನಾಳೆ ಯಾರಾದರೂ ನಿಮ್ಮ ಅಕ್ಕೋರು ಏನು ಓದಿದ್ದಾರೆ ಎಂದು ಕೇಳಿದರೆ ಏನು ಹೇಳಲಿ?

೩೧ ಮಾರ್ಚ್, ಸೋಮವಾರ

ರಂಜಾನ್ ಹಬ್ಬ. ಬಂದವರಿಗೆ ಶಾವಿಗೆಯ ಸುರಕುಂಬಾ ಕುಡಿಸುವುದರಲ್ಲೇ ಮಧ್ಯಾಹ್ನವಾಯಿತು. ಇವತ್ತಾದರೂ ರಜೆ ಎಂದುಕೊಂಡಿದ್ದೆ. ಮಂದಿ ಕಡಿಮೆಯಾದ ಕೂಡಲೇ ಜಾಸ್ಮಿನ ಹೊಸ ಸೀರೆಯಲ್ಲೇ ಬಂದು ಕುರ್ಚಿಯ ಮೇಲೆ ಕುಳಿತಳು. "ಒಂದ ಗದ್ಯ ಅಷ್ಟ" ಅಂದಳು.

ಸೈದಾಬಿ ಅತ್ತೆ, "ಹಬ್ಬದ ದಿನಾನೂ ಬಿಡೂದಿಲ್ಲೇನವಾ" ಅಂದರು. ಅವರೀಗ ಗೋಡೆಯ ಕಡೆ ಮುಖ ಮಾಡುವುದಿಲ್ಲ, ಈ ಕಡೆಗೇ ತಿರುಗಿ ಕೇಳುತ್ತಾರೆ. ಬಾವಿಗೆ ಹೋದವಳು ಯಾಕೆ ಅತ್ತಳೆಂದು ಕೊನೆಗೂ ಗೊತ್ತಾಯಿತೇ ಎಂದು ನಡುವೆ ಕೇಳಿದರು. ಗದ್ಯದಾಗ ಹೇಳಿಲ್ರಿ ಅತ್ತಿ ಅಂದೆ. ಎಲ್ಲ ಸರಿ ಬಂದವು ಇವತ್ತು. ನಿಜವಾಗಿ ಸರಿ ಬಂದವು.

೨೦ ಏಪ್ರಿಲ್, ಭಾನುವಾರ

ಪರೀಕ್ಷೆ ಮುಗಿಯಿತು. ವಿಜಯಪುರದಲ್ಲಿ ಜಾಗ ಸಾಲದ್ದಕ್ಕೆ ನಮ್ಮ ಪರೀಕ್ಷಾ ಕೇಂದ್ರವನ್ನು ಬಸವನ ಬಾಗೇವಾಡಿಗೆ ಹಾಕಿದ್ದರು. ಬಸ್ಸು ಬದಲಿಸಿಕೊಂಡು ಹೋದೆವು, ನಾನು ಮತ್ತು ಜಾಸ್ಮಿನ. ಇಂಗಳೇಶ್ವರ ಬರುವವರೆಗೂ ನನಗೆ ಕ್ರಿಯಾಪದ ಕೇಳುತ್ತಲೇ ಇದ್ದಳು. ಎದುರಿನ ಸೀಟಿನಲ್ಲಿದ್ದ ಮುದುಕರೊಬ್ಬರು "ತಾಯಿ ಮಗಳು ಸಾಲಿಗಿ ಹೊಂಟೀರೇನವಾ?" ಎಂದು ಕೇಳಿದರು. ಸೊಸಿರೀ ಅಂದೆ. ಅವರು ನಂಬಲಿಲ್ಲ.

ಗದ್ಯದ ವಿಷಯ ಬರೆದಿಡಬೇಕು. ಒಬ್ಬ ಮುದುಕ ತಾನು ಸಾಕಿದ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಾನೆ. ಸಂತೆಯಲ್ಲಿ ಗಿರಾಕಿ ಬರುತ್ತಾರೆ, ಅವನು ಮಾರುವುದಿಲ್ಲ, ಮತ್ತೆ ಮನೆಗೆ ಹೊಡೆದುಕೊಂಡು ಬರುತ್ತಾನೆ. ಯಾಕೆ ಮಾರಲಿಲ್ಲ ಎಂದು ಪ್ರಶ್ನೆ. ನನಗೆ ಗೊತ್ತು ಯಾಕೆಂದು. ಜೀವ ಹಚ್ಚಿಕೊಂಡ ದನ, ಹಗ್ಗ ಬೇರೆಯವರ ಕೈಗೆ ಕೊಡುವಾಗ ಕರುಳು ಕತ್ತರಿಸಿದಂತೆ ಆಗುತ್ತದೆ. ನನ್ನಪ್ಪ ಹೀಗೆ ಸಂತೆಯಿಂದ ತಿರುಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಉತ್ತರವೂ ಅಲ್ಲೇ ಇತ್ತು, ಪ್ರೀತಿಗೆ ಎಂದು. ಪೆನ್ನು ಅದರ ಮೇಲೆ ಹೋಗಿಯೂ ಬಿಟ್ಟಿತ್ತು.

ಕುರ್ಚಿಯಲ್ಲಿ ಕುಳಿತವಳ ದನಿ ಕಿವಿಯಲ್ಲಿ ಕೇಳಿಸಿತು. ಪೂರಾ ಓದೂಕ್ಕಿಂತ ಮೊದಲ ಉತ್ತರಾ ತಗೊಂಡು ನಿಂತಿರ್ತೀರಿ. ಮತ್ತೆ ಮೊದಲ ಸಾಲಿನಿಂದ ಓದಿದೆ. ಪ್ರೀತಿ ಎಂಬ ಮಾತು ಎಲ್ಲೂ ಇಲ್ಲ. ಕೇಳಿದ ಬೆಲೆ ಸಿಗಲಿಲ್ಲ ಎಂದು ಒಂದು ಮೂಲೆಯಲ್ಲಿ ಚಿಕ್ಕದಾಗಿ ಹೇಳಿದ್ದಾನೆ. ಅದಕ್ಕೇ ಗುರುತು ಹಾಕಿದೆ. ಆ ಮುದುಕನ ಮೇಲೆ ಬೇಸರವಾಯಿತು, ಆದರೆ ಉತ್ತರ ಅದೇ.

ಹೊರಗೆ ಬಂದ ಕೂಡಲೇ ಜಾಸ್ಮಿನ ನನ್ನನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿಕೊಂಡು, ನಾನು ಉತ್ತರ ಗುರುತು ಹಾಕಿಕೊಂಡು ತಂದಿದ್ದ ಪ್ರಶ್ನೆ ಪತ್ರಿಕೆ ಪೂರ್ತಿ ನೋಡಿದಳು. ಎತ್ತಿನ ಪ್ರಶ್ನೆಗೆ ಬಂದಾಗ ತಲೆ ಎತ್ತಿ ನನ್ನ ಮುಖ ನೋಡಿದಳು, ನನ್ನ ಕೈ ಹಿಡಿದುಕೊಂಡಳು. ಮರುಗಳಿಗೆಯಲ್ಲೇ "ಹದಿಮೂರನೇದು ತಪ್ಪು, ಇಪ್ಪತ್ತನೇದೂ ತಪ್ಪು, ಎಷ್ಟ ಸಲ ಹೇಳೇನಿ" ಎಂದು ನಾಲ್ಕು ಮಂದಿ ತಿರುಗಿ ನೋಡುವ ಹಾಗೆ ಜೋರು ಮಾಡಿದಳು. ಪಕ್ಕದಲ್ಲಿದ್ದ ಹೆಂಗಸು ಯಾರವ್ವಾ ಇಕಿ ಎಂದು ನನ್ನನ್ನು ಕೇಳಿದಳು. ನಮ್ಮ ಅಕ್ಕೋರು ಅಂದೆ. ಪಾಠದ ಹೊತ್ತಾಗಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

೧೧ ಜುಲೈ, ಶುಕ್ರವಾರ

ಬಹಳ ದಿನ ಬರೆದಿರಲಿಲ್ಲ. ಇವತ್ತು ಬರೆಯದೆ ಹೇಗಿರಲಿ?

ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರಿದೆ. ವಸುಧಾ ಮೇಡಂ ಬೆಳಗ್ಗೆ ಫೋನು ಮಾಡಿ ಮೊದಲು ಇಂಗ್ಲಿಷಿನ ಅಂಕವನ್ನೇ ಹೇಳಿದರು. "ನಮ್ಮ ತಾಲೂಕಿನ ಕಾರ್ಯಕರ್ತೆಯರೊಳಗ ನಿಮ್ದ ಎಲ್ಲಾರಕಿಂತ ಹೆಚ್ಚು ಅದ" ಅಂದರು. ನಾನು ಮೂರು ಸಲ ಹೇಳಿಸಿಕೊಂಡೆ. ಜಾಸ್ಮಿನಳಿಗೆ ಹೇಳಿದರೆ ಕುಣಿದಾಡುವ ಬದಲು ಬೆರಳು ಮಡಿಚಿ ಲೆಕ್ಕ ಹಾಕಿದಳು. ತಾನು ಬಸ್ ಸ್ಟ್ಯಾಂಡಿನಲ್ಲಿ ತಪ್ಪು ಎಂದದ್ದೆಲ್ಲ ತಪ್ಪೇ ಆಗಿದೆ, ಒಂದೂ ಹೆಚ್ಚುಕಡಿಮೆ ಇಲ್ಲ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಈ ಅಳು ಯಾಕೆಂದು ನಾನು ಊಹಿಸಲಿಲ್ಲ, ಹೋಗಿ ಕೇಳಿದೆ. ಖುಷಿಗೆ ಅಂದಳು.

ಮಧ್ಯಾಹ್ನ ನಮ್ಮವರು ಪೇಡೆ ತಂದರು. ಓಣಿಯವರು, ಬಂಧುಗಳು, ಅಂಗನವಾಡಿ ತಾಯಂದಿರು ಎಲ್ಲ ಬಂದರು. ಆಯೇಶಾ ಮಗಳನ್ನು ಎತ್ತಿಕೊಂಡು ಬಂದಿದ್ದಳು, ಕೂಸಿಗೆ ಗಲ್ಲ ತುಂಬಿವೆ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಸಿನ ಮೇಲೆ ಸೈದಾಬಿ ಅತ್ತೆ ಹೊಸ ಸೀರೆ ಉಟ್ಟು ಕುಳಿತು ಬಂದವರಿಗೆಲ್ಲ ಹೇಳುತ್ತಿದ್ದರು, "ನನ್ನ ಸೊಸಿ ತಾನ ಓದಿ ಪಾಸಾದ್ಲು. ಒಬ್ರೂ ಕಲಿಸಿಲ್ಲ. ಎಲ್ಲಾ ಅಕಿದ ತಲಿ."

"ತಪ್ಪ್ರೀ, ಅತ್ತಿ" ಅಂದೆ. "ಜಾಸ್ಮಿನ ಕಲಿಸ್ಯಾಳ. ಅಕಿ ಮ್ಯಾಲ ಕುಂತಿದ್ಲು, ನಾ ಕೆಳಗ ಕುಂತಿದ್ದೆ. ನೀವ ನೋಡೀರಲ್ಲ."

ಪಡಸಾಲೆಯಲ್ಲಿದ್ದವರು ಎಲ್ಲರೂ ಪೇಡೆ ಬಾಯಲ್ಲಿಟ್ಟುಕೊಂಡು ಹಾಗೇ ನನ್ನನ್ನು ನೋಡಿದರು, ಯಾಕೋ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಜಾಸ್ಮಿನ ಕೈಯಲ್ಲಿನ ತಟ್ಟೆ ಬೀಳಿಸುವವಳಿದ್ದಳು. ಅತ್ತೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಕೊನೆಗೆ ಡಬ್ಬಿಯಿಂದ ಒಂದು ಪೇಡೆ ತೆಗೆದು, ಬಾಗಿಲ ಕಡೆ ಕೈ ಚಾಚಿದರು.

"ಹಂಗಾದ್ರ ಮೊದಲ ಅಕ್ಕೋರಿಗಿ ಕೊಡಬೇಕಿತ್ತಲ್ಲ. ಬಾರವ್ವಾ ಇಲ್ಲಿ, ಬಾಯಿ ತಗಿ."

ಎಲ್ಲ ಹೋದ ಮೇಲೆ ನಮ್ಮವರು ಮೆಲ್ಲಗೆ ಅಂದರು, "ಇವತ್ತ ನಮ್ಮವ್ವಗ ಏನಂದಿ, ಎಚ್ಚರ ಐತೇನು?" ಏನಂದೆ? ಇದ್ದದ್ದನ್ನು ಅಂದೆ. ಅಷ್ಟಕ್ಕೆ ಅವರು ಮುಸಿ ಮುಸಿ ನಗುತ್ತ ಕುಳಿತರು. ಗಂಡಸರ ನಗುವಿಗೆ ಅರ್ಥ ಹುಡುಕುತ್ತ ಕೂರಲು ನನಗೆ ಪುರಸೊತ್ತಿಲ್ಲ.

ನಾಳೆ ಜಾಸ್ಮಿನ ನನ್ನ ಜೊತೆ ಇಂಡಿಗೆ ಬರುತ್ತಾಳೆ, ಬಿ.ಎಡ್. ಕಾಲೇಜು ನೋಡಲು. ಸಂಜೆಯ ರೊಟ್ಟಿ ಇನ್ನು ಮೇಲೆ ನನ್ನ ಪಾಲು. ಇವತ್ತು ಬಡಿದದ್ದನ್ನು ಅವಳು ಬೆಳಕಿಗೆ ಹಿಡಿದು ನೋಡಿ, ನಡುವೆ ದಪ್ಪ ಆಗೇತ್ರಿ ಅತ್ತಿ, ತಪ್ಪು ಅಂದಳು. ಅತ್ತೆಯ ಮುಂದೆ, ಗಂಡನ ಮುಂದೆ, ಎಲ್ಲರ ಮುಂದೆ. ಎಷ್ಟೇ ದೊಡ್ಡವರಿರಲಿ, ನನ್ನ ಸೊಸೆ ತಪ್ಪನ್ನು ತಪ್ಪು ಎಂದೇ ಅನ್ನುತ್ತಾಳೆ. ತಾಂಬಾದಲ್ಲಿ ಇಂಥ ಸೊಸೆ ಯಾರ ಮನೆಯಲ್ಲಿದ್ದಾಳೆ, ತೋರಿಸಲಿ.